ಕುರಿಯ ಎದೆಗೆ ಹೂ ಕೇಳಿದ್ದು

ಏಪ್ರಿಲ್ ೨೪, ಗುರುವಾರ

ಮತ್ತೆ ಸಿಗ್ನಲ್ ಹೋಯಿತು. ಕುರಿ ಕಟ್ಟುವ ದಡ್ಡಿಯ ತಗಡಿನ ಮೇಲೆ ಹತ್ತಿ ಆಂಟೆನಾ ತಿರುಗಿಸಿದೆ, ಇಳಿದೆ, ಮತ್ತೆ ಹತ್ತಿದೆ. ಕುರಿ ಕೆಳಗೆ ನಿಂತು ನನ್ನನ್ನೇ ನೋಡುತ್ತಿತ್ತು. ತನ್ನ ಎದೆಬಡಿತ ನನ್ನ ಟ್ಯಾಬಿಗೆ ತಲುಪದಿದ್ದರೆ ಅದಕ್ಕೇನಾಗಬೇಕು — ಹೊಟ್ಟು ಹೊತ್ತಿಗೆ ಸರಿಯಾಗಿ ಬಂದರೆ ಸಾಕು.

ತಿಂಡಿ ಹೊತ್ತಿಗೆ ಗೆರೆಗಳು ಬಂದವು. ನೀಲಿ — ಕುರಿಯ ಸ್ವಂತ ಹೃದಯ. ಕೆಂಪು — ನಾವು ಅದರ ಮೇಲೆ ಹೊಲಿದ ತೇಪೆ. ಒಟ್ಟಿಗೆ ಏಳುತ್ತವೆ, ಒಟ್ಟಿಗೆ ಬೀಳುತ್ತವೆ. ನೋಡುತ್ತ ಕೂತರೆ ಚಹಾ ಆರಿ ನೊಣ ಬೀಳುತ್ತದೆ. ಬಿತ್ತು ಕೂಡ.

ಆರು ಕುರಿಗಳಿಗೆ ಹಾಕಿದ್ದೆವು. ಐದು ಹೋದವು. ಇದೊಂದು ಉಳಿದಿದೆ. ಗಾಯ ಮಾಯ್ದ ಮೇಲೆ ಬಯಲಲ್ಲಿ ಮೇಯಿಸಿ ನೋಡಬೇಕು ಎಂದು ನನ್ನ ಗೈಡ್ ಸರ್ ಧಾರವಾಡದ ಲ್ಯಾಬಿನಿಂದ ನನ್ನನ್ನೂ ಕುರಿಯನ್ನೂ ಒಂದೇ ಗಾಡಿಯಲ್ಲಿ ಹಂಸಭಾವಿಗೆ ಸಾಗಹಾಕಿದರು. ಪಿಎಚ್‌ಡಿ ಮಾಡುತ್ತೇನೆ ಎಂದು ಹೊರಟವಳು ಕುರಿ ಕಾಯುತ್ತಿದ್ದೇನೆ. ಸವಣೂರಿನಲ್ಲಿ ಅಮ್ಮಿ ಇದನ್ನು ಯಾರಿಗೂ ಹೇಳಿಲ್ಲ.

ಮಹಾಲಿಂಗಪ್ಪ ಕಾಕಾ ಬಂದರು. ನಿವೃತ್ತ ಲೈನ್‌ಮನ್. ದಡ್ಡಿ ಅವರದು, ಅದರ ಹಿಂದಿನ ನನ್ನ ಬಾಡಿಗೆ ಕೋಣೆಯೂ ಅವರದು. ದಿನಾ ಬೆಳಿಗ್ಗೆ ಒಂದೇ ಪ್ರಶ್ನೆ.

"ಕೂಡ್ಯಾವೇನ ತಂಗಿ ಎರಡೂ ಗೆರಿ?"

"ಕೂಡ್ಯಾವ್ರಿ."

"ಹಂ." ಹೋದರು. ದೇವರಿಗೆ ನಮಸ್ಕಾರ ಹಾಕಿದವರ ಮುಖ ಮಾಡಿಕೊಂಡು.

ಏಪ್ರಿಲ್ ೨೬, ಶನಿವಾರ

ಕುರಿಗೆ ನಮ್ಮ ಟ್ಯಾಗಿನಲ್ಲಿ ಬರೀ ನಂಬರ್. ಕಾಕಾ ಅವರ ಹೆಂಡತಿ ಸರೋಜವ್ವ ಇಟ್ಟ ಹೆಸರು ಚಿನ್ನವ್ವ. ತೇಪೆಯಲ್ಲಿ ಬಂಗಾರದ ಎಳೆಗಳಿವೆ ಎಂದು ನಾನೇ ಒಂದು ದಿನ ಬಾಯಿಬಿಟ್ಟಿದ್ದೆ. "ಎಷ್ಟ ತೊಲಿ ಐತ್ರಿ?" ಎಂದು ಕೇಳಿದರು. ಕೂದಲನ್ನು ಸಾವಿರ ಸೀಳು ಮಾಡಿದರೆ ಅದರಲ್ಲೊಂದು ಸೀಳಿನಷ್ಟು ಎಂದೆ. "ಅಷ್ಟಕ್ಕ ಬಂಗಾರ ಅಂತಾರೇನ್ರಿ," ಎಂದು ನಕ್ಕರು. ಹೆಸರು ಮಾತ್ರ ನಿಂತುಬಿಟ್ಟಿತು.

ಇವತ್ತು ಕಾಕಾ ಪೂರ್ತಿ ಕೂತು ಕೇಳಿದರು, ತೇಪೆ ಹೇಗೆ ಮಾಡಿದಿರಿ ಅಂತ. ಹೇಳಿದೆ. ಕುರಿಯ ಹೊಟ್ಟೆಯೊಳಗೆ ಕೊಬ್ಬಿನ ತೆಳು ಪರದೆ ಇರುತ್ತದೆ. ಅದನ್ನು ತೊಳೆದು ತೊಳೆದು ಬರೀ ಜಾಳಿಗೆ ಉಳಿಸುತ್ತೇವೆ. ಜಾಳಿಗೆಗೆ ಬಂಗಾರದ ಎಳೆ. ಅದರ ಮೇಲೆ ಇನ್ನೂ ಎಳಸಾದ ಹೃದಯದ ಜೀವಕೋಶಗಳನ್ನು ಬಿತ್ತುತ್ತೇವೆ. ನಡುವೆ ಸೊಳ್ಳೆಪರದೆಗಿಂತ ತೆಳುವಾದ ಒಂದು ಎಲೆಕ್ಟ್ರಾನಿಕ್ ಬಲೆ. ಅದು ಬಡಿತವನ್ನು ಕೇಳುತ್ತದೆ, ನನಗೆ ಕಳಿಸುತ್ತದೆ, ಬಡಿತ ಸೋತರೆ ಸಣ್ಣಗೆ ಒಂದು ತಳ್ಳು ಕೊಡುತ್ತದೆ. ಹಾರ್ಟ್ ಅಟ್ಯಾಕ್ ಆಗಿ ಸತ್ತ ಜಾಗದ ಮೇಲೆ ಇದನ್ನು ಹೊಲಿದರೆ, ಆ ಜಾಗ ಮತ್ತೆ ದುಡಿಯಬೇಕು. ಅಷ್ಟೇ ನಮ್ಮ ಆಸೆ.

"ಅಂದ್ರ ಜೀವಂತ ವೈರಿಂಗ್," ಎಂದರು ಕಾಕಾ. ಕಣ್ಣು ಹೊಳೆಯುತ್ತಿತ್ತು.

ಆಮೇಲೆ ಬೇಡದ ಮಾತೂ ಹೇಳಬೇಕಾಯಿತು. ಗೆರೆಗಳು ಕೂಡಿ ಕಂಡರೆ ಕೂಡಿದಂತೆಯೇ ಅಂತಲ್ಲ. ಬಾಜೂಮನೆಯ ರೇಡಿಯೋ ನಮ್ಮನೆಯಲ್ಲಿ ಕೇಳಿಸುವುದಿಲ್ಲವೇ? ತೇಪೆ ತಾನೇ ಬಡಿಯುತ್ತಿದೆಯೋ, ಪಕ್ಕದ ಮಾಂಸದ ಸದ್ದನ್ನು ಬಲೆ ಕದ್ದು ಕೇಳುತ್ತಿದೆಯೋ — ಹೊರಗಿನಿಂದ ತಿಳಿಯದು.

"ಹಂಗಾರ ತಿಳಿಯೂದು ಹ್ಯಾಂಗ?"

"ಮೇ ಹದಿನಾರಕ್ಕ ಧಾರವಾಡಕ್ಕ ಒಯ್ತೇವ್ರಿ. ನಿದ್ದಿ ಔಷಧ ಕೊಟ್ಟು... ಹೃದಯ ಹೊರಗ ತೆಗೀತೇವಿ."

ಸರೋಜವ್ವ ಬಾಗಿಲಲ್ಲಿ ಕೇಳುತ್ತಿದ್ದರು. ಒಳಗೆ ಹೋದರು. ಈ ಜಾಗದಲ್ಲಿ ಕೊಲ್ಲಕೂಡದು ಎಂದು ಮೊದಲ ದಿನವೇ ಮಾತಾಗಿತ್ತು, ನಾವು ಒಪ್ಪಿದ್ದೆವು. ಆದರೂ ಮಧ್ಯಾಹ್ನದ ರೊಟ್ಟಿ ಸದ್ದಿಲ್ಲದೆ ಬಂತು, ತಟ್ಟೆ ಸದ್ದಿಲ್ಲದೆ ಹೋಯಿತು.

ಏಪ್ರಿಲ್ ೨೯, ಮಂಗಳವಾರ

ಬೇರೆ ಕೆಲಸ ಆಮೇಲೆ. ಮೊದಲು ಬರೆದುಬಿಡುತ್ತೇನೆ.

ಕಾಕಾ ಚಿನ್ನವ್ವನಿಗೆ ಹುಲ್ಲಿನ ಹೊರೆ ತಂದರು. ದೊಡ್ಡ ಹೊರೆಯೂ ಅಲ್ಲ. ಇಳಿಸಿದವರು ಹಾಗೇ ಗೋಡೆಗೆ ಒರಗಿ ಕೂತರು. ತುಟಿ ನೀಲಿ. ಮಾತು ಬರುತ್ತಿಲ್ಲ. ಅಂಗಿ ಬಿಚ್ಚಿ ಗಾಳಿ ಹಾಕಿದೆ, ನಾಡಿ ಹಿಡಿದೆ — ಓಡುತ್ತದೆ, ತಪ್ಪುತ್ತದೆ, ಮತ್ತೆ ಓಡುತ್ತದೆ. ಸ್ವಲ್ಪ ಹೊತ್ತಿಗೆ ತಾವೇ ಸುಧಾರಿಸಿಕೊಂಡರು. "ಬಿಸಲಿಗೆ ಹಂಗಾತು," ಎಂದರು. ಬಿಸಿಲಂತೆ! ನೆರಳಿನಲ್ಲಿ ಕೂತಿದ್ದಾರೆ ಮನುಷ್ಯ.

ಮಗ ಚನ್ನೇಶ ಹಿರೇಕೆರೂರಿನಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿದ್ದಾನೆ. ಬೈಕ್ ಮೇಲೆ ಓಡಿ ಬಂದ. ಅವನು ಹೇಳಿದ ಮೇಲೆ ಗೊತ್ತಾಯಿತು. ಹೋದ ವರ್ಷ ದೊಡ್ಡ ಅಟ್ಯಾಕ್ ಆಗಿದೆ. ಹೃದಯದ ಬಲ ಅರ್ಧಕ್ಕಿಂತ ಕಡಿಮೆ ಉಳಿದಿದೆ. ಬಡಿತ ಯಾವಾಗ ಬೇಕಾದರೂ ದಾರಿತಪ್ಪಿ ನಿಲ್ಲಬಹುದು, ಎದೆಯಲ್ಲಿ ಶಾಕ್ ಕೊಡುವ ಡಬ್ಬಿ ಇಡಲೇಬೇಕು ಎಂದು ಹುಬ್ಬಳ್ಳಿಯ ಡಾಕ್ಟರ್ ಹೇಳಿದ್ದಾರೆ. ಎರಡು ಸಲ ಡೇಟ್ ಕೊಟ್ಟರು. ಎರಡು ಸಲವೂ ಕಾಕಾ ಹೋಗಲಿಲ್ಲ.

"ಯಾಕ್ರಿ?"

"ಚಿಕ್ಕೇರೂರಾಗ ನಮ್ಮ ಮಾವಗ ಈ ಡಬ್ಬಿ ಹಾಕ್ಯಾರ್ರಿ. ಒಂದಿನ ಊಟಕ್ಕ ಕುಂತಾಗ ಡಬ್ಬಿ ಶಾಕ್ ಕೊಟ್ತು, ಎದುರಿದ್ದ ಸಾರಿನ ಪಾತೇಲಿ ಮ್ಯಾಲ ಬಿದ್ರು. ಜೀವ ಉಳೀತು ಖರೇ. ಆದ್ರ ನಮ್ಮಪ್ಪ ನೋಡಿದ್ದು ಪಾತೇಲಿ ಅಷ್ಟ."

ನಿನ್ನೆಯೂ ಇದೇ ಮನುಷ್ಯ ನನಗಾಗಿ ತಗಡು ಹತ್ತುತ್ತೇನೆ ಎಂದಿದ್ದರು. ನಾನೂ "ಹತ್ರಿ ಕಾಕಾ" ಎನ್ನುವವಳೇ ಇದ್ದೆ.

ಮೇ ೧, ಗುರುವಾರ

ಜಗಳ ಮಾಡಿದೆ. ಬಾಡಿಗೆಯವಳು ಮನೆ ಮಾಲಕರ ಜೊತೆ ಮಾಡಬಾರದಂಥ ಜಗಳ.

"ನಲವತ್ತ ವರ್ಷ ಕರೆಂಟಿನ ಜೋಡಿ ಬಾಳೇ ಮಾಡೇನಿ ತಂಗಿ. ಅದರ ಗುಣ ನನಗ ಗೊತ್ತೈತಿ. ಅದನ್ನ ಎದ್ಯಾಗ ಇಟ್ಕೊಂಡು ಮಲಗಂಗಿಲ್ಲ ನಾ."

"ಚಿನ್ನವ್ವನ ಎದ್ಯಾಗೂ ಕರೆಂಟ್ ಐತ್ರೀ!"

"ಅದು ಮಾಂಸದ ಜೋಡಿ ಕೂಡಿದ್ದು. ಅದು ಬ್ಯಾರೆ. ಅದನ್ನ ಹಾಕಿಸ್ಕೋತೇನಿ ನಾ."

ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಬಿಡಿಸಿ ಬಿಡಿಸಿ ಹೇಳಿದೆ. ಇದು ಕುರಿ. ಕುರಿಯಲ್ಲಿ ಗೆದ್ದರೆ ಇನ್ನಷ್ಟು ಕುರಿ. ಆಮೇಲೆ ಅನುಮತಿ, ಸಮಿತಿ, ಪರೀಕ್ಷೆ. ಮನುಷ್ಯರಿಗೆ ಬರಲು ಹತ್ತು ವರ್ಷ, ಬಂದರೆ. ನಿಮ್ಮ ಎದೆ ಹತ್ತು ವರ್ಷ ಕಾಯುವುದಿಲ್ಲ ಕಾಕಾ. ಹತ್ತು ತಿಂಗಳೂ ಕಾಯುತ್ತದೋ ಇಲ್ಲವೋ.

ಎಲ್ಲ ಕೇಳಿಸಿಕೊಂಡರು. ಆಮೇಲೆ ಸಮಾಧಾನವಾಗಿ ಹೇಳಿದರು:

"ನಾ ಹೂ ಕೇಳೇನವಾ."

ಹೂ ಕೇಳುವುದು ನನಗೆ ಗೊತ್ತಿಲ್ಲದ್ದೇನಲ್ಲ. ಹೆಣ್ಣು-ಗಂಡು ಗೊತ್ತು ಮಾಡುವಾಗ, ಬಾವಿ ತೋಡಿಸುವಾಗ ಗುಡಿಗೆ ಹೋಗುತ್ತಾರೆ. ಪೂಜಾರಿ ಮೂರ್ತಿಗೆ ಹೂ ಅಂಟಿಸುತ್ತಾನೆ. ಬಲಕ್ಕೆ ಬಿದ್ದರೆ ದೇವರು ಹೂಂ ಅಂದಂತೆ, ಎಡಕ್ಕೆ ಬಿದ್ದರೆ ಬೇಡ ಅಂದಂತೆ. ಕೇಳಿದ ಮೇಲೆ ಮೀರುವ ಹಾಗಿಲ್ಲ.

"ಯಾವ ಗುಡ್ಯಾಗ ಕೇಳೀರಿ?"

ದಡ್ಡಿಯ ಕಡೆ ಕೈ ತೋರಿಸಿದರು. "ಚಿನ್ನವ್ವನ ಎದಿಗೆ. ತ್ಯಾಪಿ ಕೂಡಿತ್ತಂದ್ರ ಬಲಕ್ಕ ಬಿದ್ದಂಗ. ನಾ ಅದಕ್ಕ ಕಾಯ್ತೇನಿ. ಕೂಡಿಲ್ಲಂದ್ರ ಎಡಕ್ಕ. ಸುಮ್ನ ಹುಬ್ಬಳ್ಳಿಗೆ ಹೋಗಿ ಡಬ್ಬಿ ಇಡಿಸ್ಕೋತೇನಿ."

ಮೇ ೩, ಶನಿವಾರ. ಮಧ್ಯಾಹ್ನ

ಸರೋಜವ್ವ ಬಟ್ಟೆ ಒಗೆಯುವಾಗ ಹೇಳಿದರು. ಕಾಕಾ ಮೊದಲು ವೀರಭದ್ರನ ಗುಡಿಗೇ ಹೋಗಿದ್ದರಂತೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೂತರೂ ಹೂ ಬೀಳಲೇ ಇಲ್ಲ. ಅಂಟಿದ್ದು ಅಂಟಿದಂತೆಯೇ ಇತ್ತು.

"ಪೂಜಾರಿ ಗಂಧ ಹೆಚ್ಚ ಹಚ್ಚಿದ್ದ ಕಾಣ್ತದ," ಎಂದು ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು. "ದೇವ್ರು ಬಾಯಿ ಬಿಡಲಿಲ್ಲ. ಈಗ ಕುರಿ ಬೆನ್ನ ಹತ್ಯಾರ. ನೀನ ಏನಾರ ಮಾಡ ಫರ್ಹತವ್ವಾ."

ನಾನೇನು ಮಾಡಲಿ? ಹುಚ್ಚು ಬಿಡದ ಹೊರತು ಮದುವೆ ಆಗದು, ಮದುವೆ ಆಗದ ಹೊರತು ಹುಚ್ಚು ಬಿಡದು. ಕುರಿ ಸಾಯದ ಹೊರತು ಇವರು ಆಸ್ಪತ್ರೆಗೆ ಹೋಗುವುದಿಲ್ಲ.

ಸಂಜೆ

ಸರ್‌ಗೆ ಫೋನ್ ಮಾಡಿದೆ. ಹದಿನಾರರ ಬದಲು ನಾಳೆಯೇ ಕುರಿ ತರಲೇ ಎಂದೆ. ಯಾಕೆ, ಸೋಂಕೇನಾದರೂ? ಇಲ್ಲ ಸರ್. ಜ್ವರ? ಇಲ್ಲ ಸರ್. ಮನೆ ಮಾಲಕರ ವಿಷಯ ಹೇಳಿದೆ. "ಫರ್ಹತ, ಇರೋದು ಒಂದೇ ಕುರಿ. ಹನ್ನೆರಡು ವಾರ ಅಂತ ಬರೆದುಕೊಟ್ಟಿದ್ದೇವೆ. ಮೊದಲೇ ತೆಗೆದರೆ ಐದು ವರ್ಷದ ಕೆಲಸ ಗಟಾರಕ್ಕೆ." ತಪ್ಪು ಹೇಳಲಿಲ್ಲ ಅವರು. ಇಟ್ಟರು.

ಅಂಗಳದಲ್ಲಿ ಸುತ್ತು ಹಾಕಿದೆ. ಚಿನ್ನವ್ವ ನನ್ನ ಹಿಂದೆ ಹಿಂದೆ. ನಾನು ನಿಂತರೆ ನಿಲ್ಲುತ್ತದೆ. ಬೈದೆ ಅದಕ್ಕೆ.

ಮೇ ೬, ಮಂಗಳವಾರ

ಎಲ್ಲೂ ಕೂರಲಾಗುತ್ತಿಲ್ಲ. ಕೂತರೆ ಏಳಬೇಕು, ಎದ್ದರೆ ಎಲ್ಲಿಗೆ ಎಂದು ಗೊತ್ತಿಲ್ಲ.

ಒಂದು ಕೆಟ್ಟ ವಿಚಾರ ತಲೆ ಹೊಕ್ಕಿದೆ, ಹೋಗಲೊಲ್ಲದು. ತೇಪೆ ಗೆದ್ದರೆ ಕಾಕಾ ಕಾಯುತ್ತಾರೆ, ಕಾಯುತ್ತ ಕಾಯುತ್ತ ಒಂದು ದಿನ ಹುಲ್ಲಿನ ಹೊರೆ ಇಳಿಸಿ ಏಳುವುದೇ ಇಲ್ಲ. ತೇಪೆ ಸೋತರೆ ಹುಬ್ಬಳ್ಳಿಗೆ ಹೋಗುತ್ತಾರೆ, ಬದುಕುತ್ತಾರೆ. ಐದು ವರ್ಷ ನಾನು ಬೇಡಿದ್ದು ಒಂದೇ — ಕೂಡಲಿ. ಈಗ?

ಬೆಳಗಿನ ಫಜರ್ ನಮಾಜ್ ಮುಗಿಸಿ ಕೈ ಎತ್ತಿದೆ. ದುವಾ ಏನು ಕೇಳಬೇಕೋ ತಿಳಿಯಲಿಲ್ಲ. ಹಾಗೇ ಇಳಿಸಿದೆ.

ಗೆರೆಗಳು ಇವತ್ತೂ ಒಟ್ಟಿಗೆ. ಒಂದು ಸಲ, ಒಂದೇ ಒಂದು ಸಲ ಕೆಂಪು ಹಿಂದೆ ಬಿದ್ದ ಹಾಗಾಯಿತು. ಜೀವ ಹಾರಿತು. ನೋಡಿದರೆ ನೆಟ್‌ವರ್ಕ್. ಹಾರಿದ ಜೀವ ಖುಷಿಗೋ ಹೆದರಿಕೆಗೋ ನನಗೇ ಹೇಳಲು ಬರುತ್ತಿಲ್ಲ.

ಮೇ ೯, ಶುಕ್ರವಾರ. ಸವಣೂರು

ಒಂದು ದಿನದ ಮಟ್ಟಿಗೆ ಮನೆಗೆ ಬಂದೆ. ಕುರಿಯನ್ನು ಸರೋಜವ್ವರಿಗೆ ಒಪ್ಪಿಸಿ, ಟ್ಯಾಬು ಚನ್ನೇಶನಿಗೆ.

ಬಕ್ರೀದ್ ಹತ್ತಿರ ಬಂತಲ್ಲ, ಊರಿನ ತುಂಬ ಕುರಿ-ಆಡಿನದೇ ಮಾತು. ಕುರಿ ವ್ಯಾಪಾರದ ದಿಲಾವರ ಚಾಚಾ ನನ್ನನ್ನು ಬಸ್‌ಸ್ಟ್ಯಾಂಡಿನಲ್ಲೇ ಹಿಡಿದರು. "ಏನವಾ, ಹಂಸಭಾವ್ಯಾಗ ಮಸ್ತ ಕುರಿ ಮೇಯಸಾಕತ್ತೀಯಂತ? ನನಗ ಕೊಡು." ಆಪರೇಶನ್ ಆದ ಕುರಿ ಚಾಚಾ, ಎದೆಯಲ್ಲಿ ಹೊಲಿಗೆ ಇದೆ ಎಂದೆ. "ಹೊಲಿಗಿ ಇದ್ದದ್ದು ಖುರ್ಬಾನಿಗೆ ನಡಿಯಂಗಿಲ್ಲ ಬಿಡು," ಎಂದು ಅಲ್ಲೇ ಆಸೆ ಬಿಟ್ಟರು. ಎಷ್ಟು ಸುಲಭ ಅವರದು.

ಅಮ್ಮಿಗೆ ಎಲ್ಲ ಹೇಳಿದೆ. ಅಮ್ಮಿ — ಮುಮ್ತಾಜಬೇಗಂ ಅಂದರೆ ಓಣಿಗೆಲ್ಲ ಸಲಹೆ ಹಂಚುವವಳು — ಈ ಸಲ ಸಲಹೆ ಕೊಡಲಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯಬೇಡ, ಮೊದಲು ಕೂಡಿದೆಯೋ ಇಲ್ಲವೋ ನೋಡು ಎಂದಳು. ಕೂಡಿದ್ದರೆ ಏನು ಮಾಡಲಿ ಎಂದೆ. ಖಾರದ ಡಬ್ಬಿಗೆ ಮುಚ್ಚಳ ಹಾಕಿದಳು. ಎರಡು ಡಬ್ಬಿ ಕಟ್ಟಿದಳು, ಒಂದು ನನಗೆ, ಒಂದು ಸರೋಜವ್ವರಿಗೆ.

ಮೇ ೧೨, ಸೋಮವಾರ

ಕಾಕಾ ಬಜಾರಿನಲ್ಲಿ ಬಿದ್ದರು. ಸೈಕಲ್ ಅಂಗಡಿಯ ಮುಂದೆ. ಹಿರೇಕೆರೂರಿನ ಆಸ್ಪತ್ರೆಗೆ ಒಯ್ದೆವು. ಡಾಕ್ಟರ್ ಇಸಿಜಿ ನೋಡಿ ನನ್ನ ಮುಖ ನೋಡಿದರು. "ಇವತ್ತೇ ಹುಬ್ಬಳ್ಳಿಗೆ ಹೋಗಿ. ಮತ್ತೊಂದು ಸಲ ಬಿದ್ದರೆ ಏಳುತ್ತಾರೆ ಅಂತ ನಾನು ಹೇಳಲಾರೆ."

ಸಹಿ ಮಾಡಿ ಬಿಡಿಸಿಕೊಂಡು ಬಂದರು ಮಹಾರಾಯರು! ಚನ್ನೇಶ ಅತ್ತ. ಸರೋಜವ್ವ ಬೈದರು. ಕಾಕಾ ಆಟೋದಲ್ಲಿ ಕೂತು ನನಗೆ ಹೇಳುತ್ತಾರೆ:

"ಇನ್ನ ನಾಕ ದಿನ ಐತಿ. ಕೇಳಿದ ಹೂ ಬೀಳೂಕಿಂತ ಮೊದಲ ಎದ್ದ ಹೋದ್ರ ಕೇಳಿದ್ದಕ್ಕ ಏನರ್ಥ?"

ಸಿಟ್ಟು ನೆತ್ತಿಗೇರಿತು. "ನಾಕ ದಿನ ನೀವು ಇರಬೇಕಲ್ಲ ಕಾಕಾ!" ಎಂದು ಕಿರಿಚಿದೆ. ಆಟೋದವನು ತಿರುಗಿ ನೋಡಿದ. ಕಾಕಾ ನಕ್ಕರು. ನನಗೆ ನಗು ಬರಲಿಲ್ಲ. ಈ ಮನುಷ್ಯ ಸತ್ತರೆ ನಾನು ಲ್ಯಾಬಿಗೆ ಮತ್ತೆ ಕಾಲಿಡುತ್ತೇನೋ ಇಲ್ಲವೋ.

ಮೇ ೧೬, ಶುಕ್ರವಾರ

ಲ್ಯಾಬ್ ಗಾಡಿ ಬೆಳಿಗ್ಗೆ ಬಂತು. ನಾಲ್ಕು ದಿನ ಹೇಗೆ ಹೋದವೋ. ಕಾಕಾ ಮಲಗಿದಾಗಲೆಲ್ಲ ಬಾಗಿಲಲ್ಲಿ ನಿಂತು ಎದೆ ಏರುತ್ತದೆಯೇ ನೋಡಿದ್ದೇನೆ. ಕುರಿಗಿಂತ ಇವರನ್ನೇ ಹೆಚ್ಚು ಕಾದೆ.

ಸರೋಜವ್ವ ಚಿನ್ನವ್ವನ ಮೈ ತೊಳೆದಿದ್ದರು. ಹಣೆಗೆ ಕುಂಕುಮ. ಬೆಲ್ಲ ತಿನ್ನಿಸಿದರು. ಆಪರೇಶನ್‌ಗೆ ಮುಂಚೆ ಏನೂ ತಿನ್ನಿಸಬಾರದು ಎಂದು ಹೇಳಿದ್ದೆ. ಹೇಳಿದ್ದು ಮರೆತಂತೆ ಮಾಡಿದರು, ನಾನೂ ನೋಡದಂತೆ ಮಾಡಿದೆ. ಗಾಡಿ ಹತ್ತಿಸುವಾಗ ಕುರಿ ನನ್ನ ದುಪಟ್ಟಾ ಬಾಯಿಯಲ್ಲಿ ಹಿಡಿದಿತ್ತು. ತುಂಬ ಅಳು ಬಂತು. ಅತ್ತೆ.

ಕಾಕಾ ಗಾಡಿಯ ಕಿಟಕಿ ಹಿಡಿದು ನಿಂತರು.

"ಹೂ ಎಲ್ಲಿ ಬಿತ್ತಂತ ನೀನ ಬಂದು ಹೇಳಬೇಕ. ಫೋನಿನ್ಯಾಗ ಬ್ಯಾಡ. ಬ್ಯಾರೆದವರ ಬಾಯಿಂದ ನಾ ಕೇಳಂಗಿಲ್ಲ. ನೀನ ಈ ಗುಡಿ ಪೂಜಾರಿ."

"ಸವಣೂರ ಸಾಬರ ಹುಡುಗಿ ಪೂಜಾರಿಯೇನ್ರಿ?"

"ಹೂಂ. ಗಂಧ ಹೆಚ್ಚ ಹಚ್ಚಂಗಿಲ್ಲ ನೀ."

ಮೇ ೧೭, ಶನಿವಾರ. ಧಾರವಾಡ

ಕೂಡಿದೆ.

ಕೂಡಿದೆ, ಕೂಡಿದೆ, ಕೂಡಿದೆ.

ಹೃದಯವನ್ನು ಹೊರತೆಗೆದು ಬೆಚ್ಚಗಿನ ದ್ರವದಲ್ಲಿ ಇಟ್ಟೆವು. ಅದು ಅಲ್ಲೂ ಬಡಿಯುತ್ತಿತ್ತು. ಕರೆಂಟ್ ಹರಿದಲ್ಲಿ ಬೆಳಗುವ ಬಣ್ಣ ಹಾಕಿದೆವು. ಲೈಟ್ ಆರಿಸಿದರು. ಕ್ಯಾಮೆರಾದಲ್ಲಿ ಬೆಳಕಿನ ಅಲೆ ಎದ್ದಿತು, ಹೃದಯದ ಮೇಲೆ ಹರಿಯಿತು, ಹೊಲಿಗೆಯ ಅಂಚಿಗೆ ಬಂತು... ನಿಲ್ಲಲಿಲ್ಲ! ಅಂಚು ಇದ್ದುದೇ ಗೊತ್ತಾಗದ ಹಾಗೆ ತೇಪೆಯೊಳಗೆ ಹೋಗಿ ಆಚೆ ಬದಿಗೆ ಇಳಿಯಿತು. ಮತ್ತೆ. ಮತ್ತೆ. ಬಾಜೂಮನೆಯ ರೇಡಿಯೋ ಅಲ್ಲ. ನಮ್ಮನೆಯದೇ.

ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಯಾರೋ ಕೂಗಿದರು, ನಾನೇ ಇರಬೇಕು. ಪೇಢೆ ಬಂತು. ಬಾಯಲ್ಲಿ ಪೇಢೆ ಇಟ್ಟುಕೊಂಡೇ ಕಾಕಾ ನೆನಪಾದರು. ಟಾಯ್ಲೆಟ್ಟಿಗೆ ಹೋಗಿ ಉಗುಳಿದೆ.

ಇಷ್ಟು ಖುಷಿ ಜೀವನದಲ್ಲಿ ಯಾವತ್ತೂ ಆಗಿರಲಿಲ್ಲ. ಇಷ್ಟು ಹೆದರಿಕೆಯೂ.

ಮೇ ೧೯, ಸೋಮವಾರ. ಹಂಸಭಾವಿ

ಧಾರವಾಡದಿಂದ ಇಲ್ಲಿಯವರೆಗೆ ಬಸ್ಸಿನಲ್ಲಿ ಮೊದಲ ವಾಕ್ಯವನ್ನೇ ಕಟ್ಟುತ್ತ ಬಂದೆ. ಹಾನಗಲ್ಲಿನಲ್ಲಿ ಬಸ್ ಬದಲಿಸುವಾಗ ನಿಜ ಹೇಳುವುದು ಎಂದು ಗಟ್ಟಿ ಮಾಡಿದೆ. ಮುಂದೆ ಎರಡು ಊರು ದಾಟುವುದರೊಳಗೆ ಅದು ಕರಗಿತು.

ಕಾಕಾ ಕಟ್ಟೆಯ ಮೇಲೆ ಕೂತಿದ್ದರು. ಹೊಸ ಧೋತರ ಉಟ್ಟಿದ್ದರು. ಯಾಕೆ ಉಟ್ಟಿದ್ದರೋ, ಕೇಳಲಿಲ್ಲ. ಮುಖ ಇನ್ನೂ ಇಳಿದಿದೆ. ಮೂರು ಮಾತಿಗೆ ಒಂದು ಸಲ ಉಸಿರು ನಿಲ್ಲಿಸಿ ಎಳೆದುಕೊಳ್ಳುತ್ತಾರೆ.

"ಕುಂದ್ರು ತಂಗಿ. ಮೊದಲ ನೀರ ಕುಡಿ."

ಕುಡಿದೆ.

"ಹೂ?"

"ಎಡಕ್ಕ ಬಿತ್ರಿ ಕಾಕಾ."

ಬಾಯಿಂದ ಹೋಗಿಬಿಟ್ಟಿತು. ಕಾಕಾ ನನ್ನ ಮುಖವನ್ನೇ ನೋಡಿದರು.

"ಕೂಡಿಲ್ಲಾ?"

"ಇಲ್ರಿ."

"ಆ ಕೆಂಪ ಗೆರಿ?"

"ಬಾಜೂಮನಿ ರೇಡಿಯೋ ರೀ."

ಅಷ್ಟು ಹೇಳಿ ಅಳು ಬಂತು. ನಾಟಕವಲ್ಲ, ನಿಜವಾದ ಅಳು. ಐದು ವರ್ಷ ಕಾಡಿ ಬೇಡಿದ್ದು ಕೈಗೆ ಬಂದಿದೆ. ಜಗತ್ತಿನಲ್ಲಿ ಅದನ್ನು ದಿನಾ ಬೆಳಿಗ್ಗೆ ನನ್ನಷ್ಟೇ ಆಸೆಯಿಂದ ಕೇಳುತ್ತಿದ್ದವರು ಒಬ್ಬರೇ. ಅವರಿಗೇ ಅದು ಸತ್ತಿತು ಎಂದು ಹೇಳಿದೆ.

ಕಾಕಾ ಎದ್ದು ಬಂದರು. ನನ್ನ ತಲೆಯ ಮೇಲೆ ಕೈ ಇಟ್ಟರು.

"ಅಳಬ್ಯಾಡ ಯವ್ವಾ. ನನ್ನ ಸರ್ವೀಸಿನ್ಯಾಗ ಇಂಥಾವು ಎಷ್ಟ ಆಗ್ಯಾವ. ದಿನಪೂರ್ತಿ ಲೈನ್ ಎಳದಿರ್ತೇವಿ, ಸಂಜಿಗೆ ಸ್ವಿಚ್ ಹಾಕಿದ್ರ ಬಲ್ಬ್ ಹತ್ತಂಗಿಲ್ಲ. ಮತ್ತ ಕಂಬಾ ಹತ್ತೂದು. ಮುಂದಿನ ಸಲ ಕೂಡ್ತೈತಿ ತಗೋ. ನಾ ಹೇಳತೇನಿ, ಕೂಡ್ತೈತಿ."

ನನಗೆ ಸಮಾಧಾನ ಹೇಳುತ್ತಾರೆ! ಮುಖ ಎತ್ತಲಾಗಲಿಲ್ಲ. ನಾನು ಸೋತೆ ಎಂದು ಅವರ ಕಣ್ಣಲ್ಲಿ ನೀರು. ಆಮೇಲೆ ಒಳಗೆ ತಿರುಗಿ ಕೂಗಿದರು, "ಚನ್ಯಾ, ಹುಬ್ಬಳ್ಳಿಗೆ ಫೋನ್ ಹಚ್ಚೋ. ಡಬ್ಬಿ ಇಡಿಸೂಣಂತ."

ಸಂಜೆ ನಲ್ಲಿಯ ಹತ್ತಿರ ಸರೋಜವ್ವ ಹಿಡಿದರು. "ಖರೇ ಹೇಳ. ಚಿನ್ನವ್ವ ಗೆದ್ದಾಳೋ ಇಲ್ಲೋ?" ಗೆದ್ದಿದ್ದಾಳೆ ಎಂದು ತಲೆ ಆಡಿಸಿದೆ. ತುಂಬಿ ಚೆಲ್ಲುತ್ತಿದ್ದ ಕೊಡ ಎತ್ತಿ ಸೊಂಟಕ್ಕೆ ಇಟ್ಟುಕೊಂಡರು. "ಆತು. ಇದು ನಮ್ಮಿಬ್ಬರ ನಡುವ," ಎಂದರು.

ಮೇ ೨೨, ಗುರುವಾರ

ಕಾಕಾ ಹುಬ್ಬಳ್ಳಿಯಲ್ಲಿ ಅಡ್ಮಿಟ್ ಆದರು. ನಾಳೆ ಬೆಳಿಗ್ಗೆ ಆಪರೇಶನ್. ಸರೋಜವ್ವ, ಚನ್ನೇಶ ಜೊತೆಗಿದ್ದಾರೆ. ನಾನು ಇಲ್ಲಿ ದಡ್ಡಿ ತೊಳೆದೆ. ಒಂದು ಸಲ ತೊಳೆದದ್ದನ್ನೇ ಮತ್ತೆ ತೊಳೆದೆ.

ಮಧ್ಯಾಹ್ನ ಸರ್ ಫೋನ್. ಖುಷಿಯಲ್ಲಿ ತೇಲುತ್ತಿದ್ದಾರೆ. "ಪೇಪರಿನವರಿಗೆ ಹೇಳಿಬಿಟ್ಟೆ. ನಾಳೆ ಬರುತ್ತೆ. ನಿನ್ನ ಫೋಟೋನೂ ಕೊಟ್ಟಿದ್ದೇನೆ."

ಒಂದೇ ಒಂದು ದಿನ ತಡೆಯಿರಿ ಸರ್ ಎಂದೆ. ಯಾಕೆ ಎಂದರು. ಹೇಳಿದೆ. "ಹೋಗಿಬಿಟ್ಟಿದೆ ಫರ್ಹತ, ಈಗ ನನ್ನ ಕೈಯಲ್ಲಿಲ್ಲ," ಎಂದರು.

ಕಾಕಾ ದಿನಾ ಪೇಪರನ್ನು ಮೊದಲ ಪುಟದಿಂದ ನಿಧನವಾರ್ತೆಯವರೆಗೆ ಬಿಡದೆ ಓದುವವರು. ಚನ್ನೇಶನಿಗೆ ಫೋನ್ ಮಾಡಿ ಇದ್ದದ್ದೆಲ್ಲ ಹೇಳಿದೆ. ಪಾಪ, ಹುಡುಗ ಬೈಯಲೂ ಇಲ್ಲ. "ವಾರ್ಡಿನ್ಯಾಗ ಪೇಪರ್ ಬರದಂಗ ನೋಡ್ಕೋತೇನ್ರಿ ಅಕ್ಕಾರ."

ಮೇ ೨೩, ಶುಕ್ರವಾರ. ಬೆಳಿಗ್ಗೆ

ಬಂದಿದೆ. ಮೂರನೇ ಪುಟ. "ಹೃದಯಕ್ಕೆ ಜೀವಂತ ತೇಪೆ: ಸವಣೂರು ಯುವತಿಯ ಸಾಧನೆ." ನಡುವೆ ನಾನು, ಹಲ್ಲು ಕಿರಿದುಕೊಂಡು. ಹಂಸಭಾವಿಯ ಹೆಸರೂ ಇದೆ. ಅಮ್ಮಿ ಹತ್ತು ಪೇಪರ್ ಕೊಂಡಳಂತೆ. ಈಗ ಊರಿಗೆಲ್ಲ ಹೇಳುತ್ತಿದ್ದಾಳೆ.

ಚನ್ನೇಶನಿಗೆ ಫೋನ್. ಎತ್ತುತ್ತಿಲ್ಲ. ಮತ್ತೆ. ಎತ್ತುತ್ತಿಲ್ಲ.

ಸ್ವಲ್ಪ ಹೊತ್ತಿನ ಮೇಲೆ

ಅದೇ ನಂಬರಿನಿಂದ ಬಂತು. ಹಲೋ ಎಂದೆ. ಚನ್ನೇಶ ಅಲ್ಲ.

"ಬಾಜೂ ಕಾಟಿನವರು ಪೇಪರ್ ಜೋರಾಗಿ ಓದಿದ್ರು. 'ನಿಮ್ಮೂರ ಸುದ್ದಿ ಬಂದೈತಿ ನೋಡ್ರಿ' ಅಂದ್ರು." ಕಾಕಾ ದನಿ. ತಣ್ಣಗಿತ್ತು.

ಕೈಯಲ್ಲಿದ್ದ ಪೇಪರ್ ಮಡಚಿಟ್ಟೆ.

"ಕೂಡೇತಿ?"

"ಕೂಡೇತ್ರಿ ಕಾಕಾ."

"ಬಲಕ್ಕ ಬಿದ್ದಿತ್ತು."

"ಹೌದ್ರಿ."

ಅವರ ಉಸಿರು ಕೇಳುತ್ತಿತ್ತು. ಹಿಂದೆ ಟ್ರಾಲಿ ಸದ್ದು, ಯಾರೋ ನರ್ಸ್ ಹೆಸರು ಕೂಗುತ್ತಿದ್ದಳು. ಈಗ ಎದ್ದು ಬರುತ್ತಾರೆ, ಸಹಿ ಮಾಡಿ ಊರಿಗೆ ಬರುತ್ತಾರೆ, ದಾರಿಯಲ್ಲಿ ಬೀಳುತ್ತಾರೆ. ಎಲ್ಲ ಕಣ್ಣಿಗೆ ಕಟ್ಟಿತು.

"ದೇವ್ರು ವರ ಕೊಟ್ರೂ ಪೂಜಾರಿ ಕೊಡಲಿಲ್ಲ ಅನ್ನೂದು ಕೇಳಿದ್ನಿ," ಎಂದರು. "ಅಂಥಾ ಪೂಜಾರಿನ ಮನ್ಯಾಗ ಬಾಡಿಗಿ ಇಟ್ಟಿದ್ನಿ ಅನ್ನೂದು ಗೊತ್ತಿರಲಿಲ್ಲ."

"ಕಾಕಾ, ತಪ್ಪಾತ್ರಿ. ಬೈರಿ, ಏನ ಬೇಕಾದ್ರೂ ಅನ್ರಿ. ಆದ್ರ ಎದ್ದ ಬರಬ್ಯಾಡ್ರಿ. ನಿಮ್ಮ ಕಾಲ ಬೀಳ್ತೇನಿ."

"ಬೈಯೂದು ಐತಿ. ಸಣ್ಣ ಬೈಗಳಲ್ಲ ಅವು. ಕುಂತು ಬೈಬೇಕು. ಅದಕ್ಕರ ನಾ ಉಳೀಬೇಕಲ್ಲ. ಈಗ ಇವರು ಒಳಗ ಕರ್ಯಾಕತ್ತಾರ... ಏ ಬಂದ್ನಿ ತಡೀರಿ ಸಿಸ್ಟರ್! ಕೇಳಿಲ್ಲಿ. ನೀ ಗೆದ್ದದ್ದನ್ನ ನನಗೊಬ್ಬಗ ಹೇಳಲಿಲ್ಲಲ್ಲ, ಅದಕ್ಕ ನಿನ್ನ ಬಿಡಂಗಿಲ್ಲ ನಾ. ಹೊರಗ ಬಂದಮ್ಯಾಲ ನೋಡ್ಕೋತೇನಿ. ಫೋನ್ ಬಾಜೂಕ ಇಟ್ಕೊಂಡ ಕುಂದ್ರು."

ಇಟ್ಟರು. ಒಳಗೆ ಹೋದರು. ಹೋದರು!

ಹನ್ನೊಂದು

ಏನೂ ಇಲ್ಲ. ಅಂಗಳ, ಕೋಣೆ, ದಡ್ಡಿ. ಕೋಣೆ, ಅಂಗಳ. ಫೋನ್ ಚಾರ್ಜಿಗೆ ಹಾಕಿದೆ, ತೆಗೆದೆ, ಹಾಕಿದೆ.

ಹನ್ನೆರಡೂವರೆ

ಚನ್ನೇಶನ ಮೆಸೇಜ್: ಇನ್ನೂ ಹೊರಗೆ ತಂದಿಲ್ಲ. ಅವ್ವ ಊಟ ಬಿಟ್ಟು ಕೂತಿದ್ದಾಳೆ. ನಡುವೆ ಬಡಿತ ಒಮ್ಮೆ ನಿಂತಿತ್ತಂತೆ, ಮತ್ತೆ ಎಬ್ಬಿಸಿದ್ದಾರೆ ಅಂತ ಯಾರೋ ಅಂದರಂತೆ, ಖಾತ್ರಿ ಇಲ್ಲ. ಯಾಕಾದರೂ ಬರೆದು ಕಳಿಸಿದನೋ ಇದನ್ನು.

ಕೈ ಎತ್ತಿದೆ. ಈ ಸಲ ಏನು ಕೇಳಬೇಕೋ ಗೊತ್ತಿತ್ತು.

ಸಂಜೆ

ಸರೋಜವ್ವರ ನಂಬರ್. ಎತ್ತಿದೆ. ಹಲೋ ಎನ್ನಲೂ ಬಿಡಲಿಲ್ಲ.

"ಏ ಸುಳ್ಳಿ!"

ದನಿ ಸಣ್ಣದು. ನಾಲಿಗೆ ಇನ್ನೂ ತೊದಲುತ್ತಿದೆ. ಆದರೆ ಅವರದೇ. ಸುಳ್ಳಿ, ಕಳ್ಳಿ, ಸವಣೂರಿನ ಠಕ್ಕಿ, ನನ್ನ ಕೈಯಿಂದ ಸಮಾಧಾನ ಹೇಳಿಸಿಕೊಂಡಿಯಲ್ಲ, ನಾಚಿಕೆ ಇಲ್ಲದವಳೇ... ಹಿಂದೆ ಸರೋಜವ್ವ "ಸಾಕ್ರಿ, ಡಾಕ್ಟರ್ ಮಾತಾಡಬ್ಯಾಡ ಅಂದಾರ" ಎನ್ನುತ್ತಿದ್ದಾರೆ, ಇವರು ಕೇಳುತ್ತಿಲ್ಲ. ಫೋನ್ ಸ್ಪೀಕರಿಗೆ ಹಾಕಿ ಮುಂದೆ ಇಟ್ಟುಕೊಂಡಿದ್ದೇನೆ. ಒಂದೊಂದು ಬೈಗುಳಕ್ಕೂ "ಹೌದ್ರಿ" ಎನ್ನುತ್ತಿದ್ದೇನೆ, ಕಣ್ಣು ಒರೆಸುತ್ತಿದ್ದೇನೆ, ಬರೆಯುತ್ತಿದ್ದೇನೆ. ಇನ್ನೂ ಮುಗಿದಿಲ್ಲ, ಈಗ ನನ್ನ ಗೈಡಿನ ಸರದಿ, ಅದಾದ ಮೇಲೆ ಪೇಪರಿನವರದು, ಆಮೇಲೆ ಮತ್ತೆ ನನ್ನದೇ.